ನೀಲವ್ವ ಅತ್ತೆ ಮತ್ತು ಮಾಸೂರಿನ ಜೇಡಗಳು

ಕೆಮ್ಮಣ್ಣಿಗೆ ನೀರು ಬಿದ್ದಾಗ ಒಂದು ವಾಸನೆ ಏಳುತ್ತದೆ. ಸ್ವಲ್ಪ ತುಕ್ಕಿನದು, ಸ್ವಲ್ಪ ಹಳೆಯ ಬಾವಿಯದು. ನಾಲಿಗೆ ಕಚ್ಚಿಕೊಂಡಾಗ ಬಾಯಿ ತುಂಬ ಹರಡುವ ರುಚಿಯೂ ಅದರಲ್ಲಿ ಸೇರಿರುತ್ತದೆ. ಹಾನಗಲ್ಲಿನಲ್ಲಿ ನಾನು ಖಾನಾವಳಿ ಇಟ್ಟು ಬಹಳ ವರ್ಷವಾಯಿತು. ನನ್ನ ಜೊತೆ ರೊಟ್ಟಿ ಬಡಿಯುವ ಶಾಂತವ್ವ ಹಬ್ಬ ಬಂತೆಂದರೆ ಹೊಸ್ತಿಲಿಗೆ ಬಳಿಯಲು ಬೋಗುಣಿಯಲ್ಲಿ ಕೆಮ್ಮಣ್ಣು ನೆನೆಹಾಕುತ್ತಾಳೆ. ಆ ವಾಸನೆ ಒಲೆಯ ತನಕ ಬಂದ ದಿನ ನನಗೆ ಊಟ ಸೇರುವುದಿಲ್ಲ. ಸುಮ್ಮನೆ ಅವಳ ಮೇಲೆ ಹರಿಹಾಯುತ್ತೇನೆ. ‘ಅಕ್ಕಾರ, ಮಣ್ಣಿನ ಮ್ಯಾಲೆ ಯಾಕ್ರಿ ಸಿಟ್ಟು?’ ಎಂದು ಅವಳು ನಗುತ್ತಾಳೆ. ಬೆಳಗಿನಿಂದ ಸಂಜೆಯ ತನಕ ಗಿರಾಕಿಗಳ ಜೊತೆ ವಟವಟ ಎನ್ನುವ ನಾನು ಈ ಒಂದು ಪ್ರಶ್ನೆ ಬಂದರೆ ಮಾತ್ರ ಎದ್ದು ಹಿಂಬಾಗಿಲು ತೆರೆಯುತ್ತೇನೆ. ಹೇಗೆ ಹೇಳುವುದು? ಆ ವಾಸನೆ ಮೂಗಿಗೆ ತಾಗಿದ ಕೂಡಲೇ ನೀಲವ್ವ ಅತ್ತೆಯ ಎಡಗೈ ನನ್ನ ಕಣ್ಣ ಮುಂದೆ ಬಂದು ನಿಲ್ಲುತ್ತದೆ.

ಮಾಸೂರಿನ ನಮ್ಮ ಮನೆ ಈಗಿಲ್ಲ. ಅದು ನಿಂತಿದ್ದ ಜಾಗದಲ್ಲಿ ಯಾರದೋ ಗೊಬ್ಬರದ ಅಂಗಡಿ ಎದ್ದಿದೆ. ಹೆಂಚಿನ ಮನೆ, ಮಣ್ಣಿನ ಗೋಡೆ. ಮುಂದೆ ಪಡಸಾಲೆ, ಹಿಂದೆ ಅಡಿಗೆಮನೆ, ಎರಡರ ನಡುವೆ ಒಂದೇ ಒಂದು ಬೆಳಕಿಂಡಿಯಿದ್ದ ನಡುಮನೆ. ಆಯಿ, ಅಂದರೆ ಅಪ್ಪನ ತಾಯಿ, ಮನೆಯ ಯಜಮಾನಿ. ಆಮೇಲೆ ಅಪ್ಪ, ಅವ್ವ, ನಾನು. ನನಗೆ ಒಂಬತ್ತು ವರ್ಷವಾಗಿದ್ದಾಗ, ಆಷಾಢದಲ್ಲಿ, ಹಿತ್ತಲಿನ ಪೇರಲ ಗಿಡದಿಂದ ಬಿದ್ದು ಬಲಗಾಲು ಮುರಿದುಕೊಂಡೆ. ಎಲುಬು ಕಟ್ಟುವ ಅಜ್ಜ ಬಂದು ಬಿದಿರಿನ ದಬ್ಬೆಗಳನ್ನಿಟ್ಟು, ಎಣ್ಣೆಬಟ್ಟೆ ಸುತ್ತಿ, ‘ನಲವತ್ತೈದು ದಿನ ಅಲುಗಾಡಬ್ಯಾಡ’ ಎಂದು ಹೇಳಿ ಹೋದ. ನಡುಮನೆಯಲ್ಲಿ ಹೊರಸು ಹಾಕಿ ನನ್ನನ್ನು ಅದರ ಮೇಲೆ ಕೆಡವಿದರು. ಹೊರಗೆ ಮಳೆ ಹಿಡಿದಿತ್ತು. ಮನೆಯಲ್ಲಿ ನೆಂದ ಗೋಣಿಚೀಲದ ವಾಸನೆ, ಒಲೆಯ ಹೊಗೆ, ನನ್ನ ಕಾಲಿಗೆ ಹಚ್ಚಿದ ಎಣ್ಣೆಯ ಕಮಟು. ನನ್ನ ಓರಗೆಯವರು ಓಣಿಯಲ್ಲಿ ಕೆಸರು ಎರಚಾಡುವುದು ಕೇಳಿಸುತ್ತಿತ್ತು. ನಾನು ಅಂಗಾತ ಮಲಗಿ ಮಾಡು ನೋಡುತ್ತಿದ್ದೆ. ಬೇರೆ ಕೆಲಸವೇನಿತ್ತು?

ಮಾಡಿನ ತುಂಬ ಜೇಡಗಳಿದ್ದವು. ಹುರಿಯಂಥ ಉದ್ದ ಕಾಲಿನವು ತೊಲೆಯ ಸಂದಿಯಲ್ಲಿ ತಲೆಕೆಳಗಾಗಿ ತೂಗುತ್ತಿದ್ದವು. ಊದಿದರೆ ಮೈಯೆಲ್ಲ ಗಡಗಡ ನಡುಗಿಸಿ ಮಸುಕಾಗಿಬಿಡುತ್ತಿದ್ದವು. ಬೆಳಕಿಂಡಿಯ ಕಟ್ಟೆಯ ಮೇಲೆ ಒಂದು ಮೋಟು ಜೇಡವಿತ್ತು. ಅದು ಬಲೆ ಕಟ್ಟುತ್ತಿರಲಿಲ್ಲ. ನೊಣದ ಹಿಂದೆ ಕಳ್ಳಹೆಜ್ಜೆ ಇಟ್ಟು ಟಣ್ಣನೆ ಜಿಗಿಯುತ್ತಿತ್ತು. ನಮ್ಮ ಶಾಲೆಯ ಮಾಸ್ತರರ ಹಾಗೆ ಕುತ್ತಿಗೆ ತಿರುಗಿಸಿ ನನ್ನತ್ತ ದುರುಗುಟ್ಟುತ್ತಿದ್ದುದರಿಂದ ಅದಕ್ಕೆ ಮಾಸ್ತರ ಎಂದೇ ಹೆಸರಿಟ್ಟಿದ್ದೆ. ಎಲ್ಲಕ್ಕಿಂತ ದೊಡ್ಡದು ಗೋಡೆಗೆ ಚಪ್ಪಟೆಯಾಗಿ ಅಂಟಿಕೊಂಡಿರುತ್ತಿದ್ದ ಅಂಗೈಯಗಲದ ಕಂದು ಜೇಡ. ಅದು ತನ್ನ ತತ್ತಿಗಳನ್ನು ಬಿಳಿ ಕಾಗದದಂಥ ಬಿಲ್ಲೆಯಲ್ಲಿ ಸುತ್ತಿ ಹೊಟ್ಟೆಯ ಕೆಳಗೆ ಅವುಚಿಕೊಂಡು ತಿರುಗುತ್ತಿತ್ತು. ಅಂಥ ಬಿಲ್ಲೆಗಳು ಗೋಡೆಯಲ್ಲೂ ಅಲ್ಲಲ್ಲಿ ಇರುತ್ತಿದ್ದವು. ಮಂಡಿ ಕೆತ್ತಿಕೊಂಡು ಬಂದರೆ ಆಯಿ ಹಳೆಯದೊಂದನ್ನು ಕಿತ್ತು ಗಾಯಕ್ಕೆ ಅಂಟಿಸುತ್ತಿದ್ದಳು, ರಕ್ತ ನಿಂತುಬಿಡುತ್ತಿತ್ತು. ಜೇಡ ನಮ್ಮ ಮನೆಯಲ್ಲಿ ಯಾರಿಗೂ ಬೇಡವಾದದ್ದಾಗಿರಲಿಲ್ಲ, ಆ ವರ್ಷದ ನಾಗರ ಪಂಚಮಿಯ ತನಕ.

ಪಂಚಮಿಗೆ ಇನ್ನೂ ಎಂಟು ದಿನವಿತ್ತು. ಮದುವೆಯಾದ ಹೆಣ್ಣುಮಕ್ಕಳು ತವರಿಗೆ ಬರುವ ಹಬ್ಬ ಅದು. ಅಣ್ಣನೋ ತಮ್ಮನೋ ಹೋಗಿ ಕರೆದು ತರಬೇಕು. ಅಪ್ಪ ಇನ್ನೂ ಹೊರಟೇ ಇರಲಿಲ್ಲ. ಮದಗದ ಕೆರೆಯ ನೀರು ಬಿಟ್ಟಿದ್ದರು, ಗದ್ದೆಯಲ್ಲಿ ನಾಟಿ ನಡೆದಿತ್ತು. ಅಷ್ಟರಲ್ಲಿ ಒಂದು ಮಧ್ಯಾಹ್ನ ನೀಲವ್ವ ಅತ್ತೆ, ಅಪ್ಪನ ತಂಗಿ, ತಾನೇ ಒಬ್ಬಳೇ ಬಂದು ಬಾಗಿಲಲ್ಲಿ ನಿಂತಳು. ಸವಣೂರಿನ ಹತ್ತಿರದ ಹಳ್ಳಿ ಅವಳ ಗಂಡನ ಮನೆ. ಮೂರು ಬಸ್ಸು ಬದಲಿಸಿ, ತಲೆಯಿಂದ ಕಾಲಿನ ತನಕ ತೊಯ್ದು ಬಂದಿದ್ದಳು. ಮದುವೆಯಾಗಿ ಮೂರು ವರ್ಷ. ಇಪ್ಪತ್ತೆರಡು ಇದ್ದೀತು ವಯಸ್ಸು. ಎಡಗೈಯನ್ನು ಸೆರಗಿನಲ್ಲಿ ಸುತ್ತಿಕೊಂಡಿದ್ದಳು. ‘ಕರಿಯಾಕ ಬರೂ ಮೊದಲ ಯಾಕ ಬಂದಿ?’ ಆಯಿಯ ಬಾಯಿಂದ ಬಂದ ಮೊದಲ ಮಾತು ಇದು. ಒಳಗೆ ಬಾ ಎನ್ನಲಿಲ್ಲ, ತೊಯ್ದೀ ಎನ್ನಲಿಲ್ಲ. ನನಗೆ ಇವತ್ತಿಗೂ ಆಯಿಯ ಮೇಲೆ ಸಿಟ್ಟಿದೆ.

ನಡುಮನೆಯಲ್ಲಿ ಸೀರೆ ಬದಲಿಸುವಾಗ ಸೆರಗು ಸರಿಯಿತು. ಮೊಣಕೈಯ ಕೆಳಗೆ ಗುಳ್ಳೆಗಳ ಒಂದು ಸಾಲು, ಬಿಲ್ಲಿನ ಹಾಗೆ ಬಾಗಿತ್ತು. ಕೆಲವು ಒಡೆದು ಕೆಂಪಾಗಿದ್ದವು. ಅವ್ವ ‘ಯವ್ವಾ!’ ಎಂದಳು. ಅತ್ತೆ ಯಾರ ಮುಖವನ್ನೂ ನೋಡದೆ, ‘ಜೇಡರ ಹುಳ ಉಚ್ಚಿ ಹೊಯ್ದೈತಿ. ಕಟಗಿ ತಗಿಯಾಕ ಹೋಗಿದ್ನಿ, ಮೈಮ್ಯಾಲೆ ಹರಿದಾಡಿತು’ ಎಂದಳು. ನಮ್ಮ ಕಡೆ ಹೀಗೆ ಗುಳ್ಳೆ ಎದ್ದರೆ ಯಾರೂ ಎರಡನೆಯ ಮಾತು ಕೇಳುವುದಿಲ್ಲ. ಜೇಡ ಹರಿದಾಡಿದೆ ಎಂದರೆ ಮುಗಿಯಿತು. ಅದಕ್ಕೆ ಔಷಧಿಯೂ ಗೊತ್ತು: ಕೆಮ್ಮಣ್ಣು ತೇಯ್ದು ಗುಳ್ಳೆಗಳ ಸುತ್ತ ಗೆರೆ ಎಳೆಯಬೇಕು, ಆ ಗೆರೆ ದಾಟಿ ಗುಳ್ಳೆ ಹಬ್ಬುವುದಿಲ್ಲ. ಆಯಿ ಆ ಕೈ ಹಿಡಿದು ಬೆಳಕಿಂಡಿಯ ಕಡೆ ತಿರುಗಿಸಿ ಬಹಳ ಹೊತ್ತು ನೋಡಿದಳು. ಆಮೇಲೆ ಅವ್ವನಿಗೆ, ‘ಕೆಮ್ಮಣ್ಣು ತೇಯಿ’ ಎಂದಳು. ಅಂದಿನಿಂದ ದಿನಕ್ಕೆರಡು ಸಲ ಅವ್ವ ಕಲ್ಲಿನ ಮೇಲೆ ಕೆಮ್ಮಣ್ಣು ತೇಯುವುದು, ಆಯಿ ಬೆರಳದ್ದಿ ಗೆರೆ ಎಳೆಯುವುದು. ನನ್ನ ಹೊರಸಿನ ಪಕ್ಕದಲ್ಲೇ ಇದೆಲ್ಲ ನಡೆಯುತ್ತಿತ್ತು. ಕೇಳಿಸುತ್ತಿದ್ದುದು ಕಲ್ಲಿನ ಮೇಲೆ ಹೆಂಟೆ ಉಜ್ಜುವ ಸಪ್ಪಳವಷ್ಟೇ.

ಮರುದಿನವೇ ಆಯಿ ಹುಕುಂ ಹೊರಡಿಸಿದಳು: ಮನೆಯಲ್ಲಿ ಒಂದು ಜೇಡ ಉಳಿಯಕೂಡದು. ಅವ್ವ ಉದ್ದ ಗಳದ ತುದಿಗೆ ಕಸಬರಿಗೆ ಕಟ್ಟಿ, ಬಾಯಿಗೆ ಸೆರಗು ಸುತ್ತಿಕೊಂಡು, ತೊಲೆತೊಲೆಯನ್ನೂ ಗುಡಿಸಿದಳು. ನನ್ನ ಉದ್ದ ಕಾಲಿನವರೆಲ್ಲ ಉಂಡೆಯಾಗಿ ನೆಲಕ್ಕೆ ಬಿದ್ದರು. ಮಾಸ್ತರನನ್ನು ಆಯಿ ಕೆರದಿಂದ ಹೊಡೆದಳು. ನಾನು ಮಲಗಿದಲ್ಲೇ ಬೊಬ್ಬೆ ಹೊಡೆದೆ, ‘ಅವು ನಿಮಗ ಏನ ಮಾಡ್ಯಾವು?’ ಎಂದು ಕಿರುಚಿದೆ. ಓಡಿಹೋಗಿ ಕೈ ಹಿಡಿಯೋಣವೆಂದರೆ ಕಾಲಿಗೆ ಬಿದಿರು. ‘ಬಾಯಿ ಮುಚ್ಚಿಕೋ’ ಎಂದಳು ಆಯಿ. ಊರಿನ ಸುದ್ದಿಯನ್ನೆಲ್ಲ ಮನೆಗೆ ತರುವವಳು, ಮನೆಯ ಸುದ್ದಿಯನ್ನೆಲ್ಲ ಊರಿಗೆ ಹಂಚುವವಳು ನಾನೆಂದು ಈ ಮಾತು ನನಗೆ ದಿನಕ್ಕೆ ಹತ್ತು ಸಲ ಬೀಳುತ್ತಿತ್ತು. ಕಸ ತುಂಬಿ ಅವ್ವ ಹಿತ್ತಲಿಗೆ ಹೋದಾಗ ನೋಡುತ್ತೇನೆ: ನೀಲವ್ವ ಅತ್ತೆ ಎದ್ದು ಬಂದು, ಮೊಳೆಗೆ ತೂಗುಹಾಕಿದ್ದ ಕ್ಯಾಲೆಂಡರನ್ನು ತೆಗೆದು ಇನ್ನೊಂದು ಮೊಳೆಗೆ ಹಾಕಿದಳು. ಆ ಎರಡನೆಯ ಮೊಳೆಯ ಕೆಳಗೆ, ಕಸಬರಿಗೆಗೆ ತಪ್ಪಿಸಿಕೊಂಡ ದೊಡ್ಡ ಕಂದು ಜೇಡ ಬಿಲ್ಲೆ ಅವುಚಿಕೊಂಡು ಕೂತಿತ್ತು. ಅತ್ತೆ ಅದನ್ನು ಮರೆ ಮಾಡಿದ್ದಳು.

ಆಮೇಲಿನ ಐದಾರು ದಿನ ಅತ್ತೆ ನಾನು ಇಬ್ಬರೂ ಆ ಜೇಡದ ಕಾವಲಿಗೆ ನಿಂತೆವು. ಮಧ್ಯಾಹ್ನ ಆಯಿ ಪಡಸಾಲೆಯಲ್ಲಿ ಅಡ್ಡಾಗಿದ್ದಾಗ ಅತ್ತೆ ಕ್ಯಾಲೆಂಡರಿನ ತುದಿ ಎತ್ತುತ್ತಿದ್ದಳು. ಅದು ಅಲ್ಲೇ ಇರುತ್ತಿತ್ತು, ಎಂಟು ಕಾಲು ಹರಡಿಕೊಂಡು. ಪಕ್ಕದಲ್ಲೇ ಜಿರಳೆ ಹಾದುಹೋದರೂ ಅದು ಮಿಸುಕುತ್ತಿರಲಿಲ್ಲ. ‘ಬಾಯಾಗ ಬಿಲ್ಲಿ ಹಿಡದೈತಿ, ಹೆಂಗ ತಿಂದೀತು? ಬಿಟ್ರ ಮಕ್ಕಳು ಹೋದಾವು, ಹಿಡದ್ರ ತಾ ಸತ್ತೀತು’ ಎಂದಳು ಅತ್ತೆ ಒಮ್ಮೆ. ಅವಳ ದನಿಯಲ್ಲಿ ಅಂಥದ್ದೇನಿತ್ತೋ, ನಾನು ಎಂದಿನಂತೆ ಮೇಲೆ ಬಿದ್ದು ಪ್ರಶ್ನೆ ಕೇಳಲಿಲ್ಲ. ಆದರೆ ಒಂದು ಅನುಮಾನ ಒಳಗೇ ಕೊರೆಯತೊಡಗಿತು. ಜೇಡದಿಂದ ಇಷ್ಟು ನೋವು ತಿಂದವಳು ಜೇಡವನ್ನು ಯಾಕೆ ಬಚ್ಚಿಡುತ್ತಾಳೆ?

ಪರೀಕ್ಷೆ ಮಾಡಿಯೇಬಿಟ್ಟೆ. ಕ್ಯಾಲೆಂಡರು ಹೊರಸಿನಿಂದ ಕೈಗೆಟಕುವಷ್ಟು ದೂರದಲ್ಲಿತ್ತು. ಗೋಡೆಗೆ ಅಂಗೈ ಒತ್ತಿ ಇಟ್ಟು, ಇನ್ನೊಂದು ಕೈಯಿಂದ ಕ್ಯಾಲೆಂಡರು ಅಲುಗಿಸಿದೆ. ಜೇಡ ಸರಸರ ಇಳಿದು ನನ್ನ ಕೈ ಏರಿ, ಮೊಣಕೈಯ ತನಕ ಬಂದು, ನಿಂತು, ಮತ್ತೆ ಗೋಡೆಗೆ ಹೋಯಿತು. ಒಣ ಎಲೆ ಹಾದುಹೋದ ಹಾಗಾಯಿತು, ಅಷ್ಟೇ. ಎರಡು ದಿನ ಕೈಯನ್ನು ತಿರುತಿರುಗಿಸಿ ನೋಡಿಕೊಂಡೆ. ಒಂದು ಗುಳ್ಳೆ ಏಳಲಿಲ್ಲ. ದೊಡ್ಡ ಪರಾಕ್ರಮ ಮಾಡಿದವಳಂತೆ ಅತ್ತೆಗೆ, ‘ಅತ್ತೀ, ನನ್ನ ಕೈ ಮ್ಯಾಲೂ ಹರಿದಾಡೈತಿ, ಏನೂ ಆಗಿಲ್ಲ ನೋಡ’ ಎಂದೆ.

ಅತ್ತೆ ಅಡಿಗೆಮನೆಯ ಕಡೆ ಒಮ್ಮೆ ನೋಡಿ, ಹೊರಸಿನ ಅಂಚಿಗೆ ಕೂತು, ‘ಹುಳ ಪಾಪ, ಏನೂ ಮಾಡಿಲ್ಲ’ ಎಂದಳು. ‘ರೊಟ್ಟಿ ಹಂಚಿಂದು ಇದು. ಬುತ್ತಿ ಕಟ್ಟೂದು ತಡ ಆತು ಅಂತ ನಿಮ್ಮ ಮಾವ ಕೈ ಹಿಡದು ಹಂಚಿನ ಅಂಚಿಗೆ ಒತ್ತಿದ. ಮೊದಲನೇ ಸಲ ಅಲ್ಲ.’ ಊರಿಗೆ ಬಂದಾಗಲೆಲ್ಲ ನನಗೆ ಪೇಢೆ ತರುತ್ತಿದ್ದ ಮಾವ! ‘ಅಪ್ಪಗ ಹೇಳ’ ಎಂದೆ. ಅವಳು ತಲೆಯಾಡಿಸಿದಳು. ‘ನಾ ಬಾಯಿ ಬಿಟ್ಟು ಹೇಳಿದ್ರ ಗಂಡನ್ನ ಬಿಟ್ಟು ಬಂದಾಕಿ ಆಕ್ಕೇನಿ. ಅವರಾಗೇ ಇರು ಅಂದ್ರ ಇರತೇನಿ, ರತ್ನಿ. ಇಲ್ಲೇ ಕಸಾ ಬಳಕೊಂಡು ಇರತೇನಿ. ಒಬ್ಬರರ ಇರು ಅನ್ನಲಿ.’ ಆಮೇಲೆ ನನ್ನ ಕೈಯನ್ನು ತನ್ನ ತಲೆಯ ಮೇಲಿಟ್ಟುಕೊಂಡು, ‘ಯಾರ ಮುಂದೂ ಹೇಳಬ್ಯಾಡ, ನನ್ನ ಆಣಿ ಐತಿ’ ಎಂದಳು.

ಆ ಆಣೆ ನನ್ನನ್ನು ಕಟ್ಟಿಹಾಕಿತು ಎಂದು ಬಹಳ ವರ್ಷ ನನಗೆ ನಾನೇ ಹೇಳಿಕೊಂಡೆ. ಸುಳ್ಳು. ನನ್ನನ್ನು ಕಟ್ಟಿಹಾಕಿದ್ದು ಬೇರೆ. ನಮ್ಮದು ಕೊಟ್ಟು ತಂದ ಸಂಬಂಧ. ಅತ್ತೆಯ ಗಂಡ ನನ್ನ ಅವ್ವನ ಸ್ವಂತ ತಮ್ಮ. ಅವ್ವನನ್ನು ಆ ಮನೆಯಿಂದ ತರುವಾಗಲೇ, ನಮ್ಮ ಹುಡುಗಿ ದೊಡ್ಡವಳಾದ ಮೇಲೆ ನಿಮ್ಮ ಮನೆಗೆ ಎಂದು ಹಿರಿಯರು ಮಾತಾಡಿಕೊಂಡಿದ್ದರು. ಹೀಗೆ ಕೊಟ್ಟು ತಂದವರಲ್ಲಿ ಒಬ್ಬಳು ತವರಿಗೆ ಬಂದು ಕೂತರೆ ಇನ್ನೊಬ್ಬಳನ್ನೂ ಅವಳ ತವರಿಗೆ ಅಟ್ಟುತ್ತಿದ್ದರು. ಹಿಂದಿನ ವರ್ಷವಷ್ಟೇ ನಮ್ಮ ಓಣಿಯಲ್ಲಿ ಹೀಗಾಗಿತ್ತು. ಶಾಲೆಯಲ್ಲಿ ನನ್ನ ಪಕ್ಕ ಕೂರುತ್ತಿದ್ದ ಹುಡುಗಿಯ ಅವ್ವ ಗಂಟು ಹಿಡಿದು ಬಸ್ಸು ಹತ್ತಿದ್ದಳು. ಹುಡುಗಿ ಧೂಳಿನಲ್ಲಿ ಬಸ್ಸಿನ ಹಿಂದೆ ಓಡಿದ್ದನ್ನು ನಾನು ಕಣ್ಣಾರೆ ನೋಡಿದ್ದೆ. ಅತ್ತೆ ಉಳಿದರೆ ಅವ್ವ ಹೋಗುತ್ತಾಳೆ. ಇದನ್ನು ನನಗೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ.

ಹಬ್ಬ ಬಂತು. ಹಿಂದಿನ ದಿನವೇ ರಾಶಿ ರೊಟ್ಟಿ ಬಡಿದಿಟ್ಟರು, ಏಕೆಂದರೆ ಪಂಚಮಿಯ ದಿನ ನಮ್ಮಲ್ಲಿ ಒಲೆಗೆ ಹಂಚು ಏರಿಸುವುದಿಲ್ಲ. ಹಂಚು ಕಾದರೆ ನಾಗಪ್ಪನ ಹೆಡೆ ಸುಡುತ್ತದಂತೆ. ಆಯಿ ಹಂಚನ್ನು ತೊಳೆದು, ಬೋರಲು ಹಾಕಿ, ‘ಮರತೂ ಇವತ್ತು ಯಾರೂ ಮುಟ್ಟಬ್ಯಾಡ್ರಿ, ಪಾಪ ಬಂದೀತು’ ಎಂದು ಎಲ್ಲರಿಗೂ ಎಚ್ಚರಿಸಿದಳು. ಅತ್ತೆ ಅಲ್ಲೇ ಇದ್ದಳು, ಕೈಮೇಲೆ ಕೆಮ್ಮಣ್ಣು ಒಣಗಿ ಬಿರುಕು ಬಿಟ್ಟಿತ್ತು. ಕಲ್ಲು ನಾಗಪ್ಪನ ಹೆಡೆಗೆ ಬಿಸಿ ತಾಗೀತೆಂದು ಇಡೀ ಮನೆ ಜೀವ ಹಿಡಿದುಕೊಂಡಿತ್ತು! ಅಡಿಗೆಮನೆಯಲ್ಲಿ ಶೇಂಗಾದುಂಡಿ, ಎಳ್ಳುಂಡಿಯ ಘಮ; ಪಡಸಾಲೆಯ ತೊಲೆಗೆ ಕಟ್ಟಿದ ಜೋಕಾಲಿಯ ಹಗ್ಗದ ಕಿರ್ರು ಕಿರ್ರು ಸಪ್ಪಳ. ಅತ್ತೆ ಒಂದು ಕೈಯಲ್ಲಿ ಹಗ್ಗ ಹಿಡಿದು ಜೀಕಿದಳಂತೆ. ನಾನು ನಡುಮನೆಯಿಂದ ಆ ಸಪ್ಪಳವನ್ನಷ್ಟೇ ಕೇಳಿದೆ.

ಹಬ್ಬ ಮುಗಿದ ನಾಲ್ಕನೆಯ ದಿನ ಮಾವ ಕರೆದೊಯ್ಯಲು ಬಂದ. ಒಗೆದ ಬಿಳಿ ಅಂಗಿ, ಕೈಯಲ್ಲಿ ಪೇಢೆಯ ಪೊಟ್ಟಣ. ಆಯಿಗೆ ಬಗ್ಗಿ ನಮಸ್ಕಾರ ಮಾಡಿದ. ಅಕ್ಕನಾದ ನನ್ನ ಅವ್ವ ಕೊಟ್ಟ ನೀರು ಕುಡಿದು ಪಡಸಾಲೆಯಲ್ಲಿ ಕೂತು, ‘ನಮ್ಮ ಮನಿ ಹಳೇದ್ರಿ, ಜೇಡ ಭಾಳ ಅದಾವು. ಈ ಸಲ ಸುಣ್ಣಾ ಹೊಡಸ್ತೇನಿ’ ಎಂದ. ಅತ್ತೆ ಹೇಳಿದ ಸುಳ್ಳು ಓಣಿಯವರ ಬಾಯಿಂದ ಅವನಿಗೆ ಅದಾಗಲೇ ತಲುಪಿತ್ತು, ಅವನು ಅದನ್ನು ಹಾಸಿಕೊಂಡು ಕೂತಿದ್ದ. ‘ಹೊಡಸಪಾ’ ಎಂದಳು ಆಯಿ.

ಆಗ ಅಪ್ಪ ನಡುಮನೆಗೆ ಬಂದ. ಅಪ್ಪ ಹೆಚ್ಚು ಮಾತಿನವನಲ್ಲ, ಗದ್ದೆಯಲ್ಲಿ ಇರುವಷ್ಟು ಹೊತ್ತು ಮನೆಯಲ್ಲಿ ಇರುತ್ತಿರಲಿಲ್ಲ. ನನ್ನ ಹೊರಸಿನ ಪಕ್ಕ ಕುಕ್ಕರಗಾಲಲ್ಲಿ ಕೂತು, ದಬ್ಬೆಯ ಗಂಟು ಮುಟ್ಟಿ ನೋಡಿದಂತೆ ಮಾಡಿ, ತೀರ ಸಣ್ಣ ದನಿಯಲ್ಲಿ ಕೇಳಿದ: ‘ರತ್ನೀ, ಅತ್ತಿ ನಿನ್ನ ಮುಂದ ಏನರ ಹೇಳ್ಯಾಳೇನ?’

ಬಾಗಿಲಿನಾಚೆ ಅಡಿಗೆಮನೆ ಕಾಣುತ್ತಿತ್ತು. ಅವ್ವ ಬೆನ್ನು ತಿರುಗಿಸಿ ಒಲೆಯ ಮುಂದೆ ಕೂತಿದ್ದಳು. ರೊಟ್ಟಿ ಬಡಿಯುತ್ತಿದ್ದ ಅವಳ ಕೈ ನಿಂತುಹೋಯಿತು. ಹಂಚಿನ ಮೇಲಿನ ರೊಟ್ಟಿ ಕಪ್ಪಾಗುತ್ತಿತ್ತು. ಸೀದ ವಾಸನೆ ಬಂತು. ಆದರೂ ಅವಳು ಅದನ್ನು ತಿರುವಿ ಹಾಕಲಿಲ್ಲ. ಅತ್ತೆ ಮೂಲೆಯಲ್ಲಿ ಗಂಟು ಕಟ್ಟುತ್ತಿದ್ದವಳು ತಲೆಯೆತ್ತಿ ನನ್ನನ್ನೇ ನೋಡಿದಳು. ನಾನು ಅವ್ವನ ಬೆನ್ನು ನೋಡಿದೆ. ‘ಇಲ್ಲ’ ಎಂದೆ. ಅಪ್ಪ ಉಸಿರು ಬಿಟ್ಟ. ಅದು ನಿರಾಳವಾದವರು ಬಿಡುವ ಉಸಿರು, ಅಷ್ಟು ನನಗೆ ಆಗಲೇ ಗೊತ್ತಾಯಿತು. ನನ್ನ ತಲೆ ಸವರಿ ಎದ್ದು ಹೋದ. ಅವ್ವ ರೊಟ್ಟಿ ತಿರುವಿದಳು.

ಹೊರಡುವಾಗ ಆಯಿ ಅತ್ತೆಯ ಉಡಿ ತುಂಬಿದಳು. ಉಂಡಿ, ಕೊಬ್ಬರಿ ಬಟ್ಟಲು, ಎಲೆ ಅಡಿಕೆ. ಕೊನೆಗೆ ಹಳೆಯ ಬಟ್ಟೆಯ ತುಂಡಿನಲ್ಲಿ ಕಟ್ಟಿದ ಒಂದು ಹೆಂಟೆಯನ್ನು ಗಂಟಿನೊಳಗೆ ತುರುಕಿ, ‘ಕೆಮ್ಮಣ್ಣೈತಿ. ಇಟಗೋ, ಬೇಕಾಕ್ಕೈತಿ’ ಎಂದಳು. ಮುಂದಿನ ಗುಳ್ಳೆಗಳಿಗೂ ಔಷಧಿ ಕಟ್ಟಿ ಕಳಿಸಿದ್ದಳು ಮಗಳಿಗೆ. ಮೊದಲನೆಯ ದಿನ ಬೆಳಕಿಂಡಿಯ ಕಡೆ ಕೈ ತಿರುಗಿಸಿ ನೋಡಿದಾಗಲೇ ಆಯಿಗೆ ಗೊತ್ತಾಗಿತ್ತು. ಕಲ್ಲಿನ ಮೇಲೆ ತೇಯುತ್ತಿದ್ದ ಅವ್ವನಿಗೂ ಗೊತ್ತಿತ್ತು, ಅಪ್ಪನಿಗೂ. ಎಲ್ಲರೂ ಸೇರಿ ಪಾಪದ ಜೇಡಗಳನ್ನು ಗುಡಿಸಿ ಹಾಕಿದ್ದರು. ಅತ್ತೆ ನನ್ನ ಹತ್ತಿರ ಬಂದು, ‘ಕಾಲು ಜ್ವಾಕಿ’ ಎಂದಷ್ಟೇ ಹೇಳಿ ಹೋದಳು.

ನನ್ನ ಕಾಲು ಕೂಡಿತು. ಅವ್ವ ಕೊನೆಯ ತನಕ ನನ್ನ ಜೊತೆಗಿದ್ದಳು, ನನ್ನ ಮದುವೆ ಮಾಡಿದಳು, ಬಾಣಂತನ ಮಾಡಿದಳು. ಆದರೆ ಆ ವರ್ಷದಿಂದ ಸಾಯುವ ತನಕ ಪಂಚಮಿಗೆ ತನ್ನ ತವರಿಗೆ ಹೋಗಲಿಲ್ಲ. ತಮ್ಮ ಕರೆಯಲು ಬಂದರೆ ಏನಾದರೊಂದು ನೆವ ಹೇಳಿ ಕಳಿಸುತ್ತಿದ್ದಳು. ಅತ್ತೆ ಮಾತ್ರ ವರ್ಷಕ್ಕೊಮ್ಮೆ ಬಂದು ಹೋಗುತ್ತಿದ್ದಳು. ಉದ್ದ ತೋಳಿನ ಕುಪ್ಪಸ ಹಾಕತೊಡಗಿದ್ದಳು. ಒಬ್ಬ ಮಗ ಹುಟ್ಟಿದ. ಹೀಗೇ ವರ್ಷಗಳು ಉರುಳಿ, ಆಯಿ, ಅಪ್ಪ, ಅವ್ವ ಒಬ್ಬೊಬ್ಬರಾಗಿ ಹೋದರು. ಮಾವನೂ ಹೋದ. ಮಗ ಶಿಗ್ಗಾಂವಿಯಲ್ಲಿ ಸಂಸಾರ ಹೂಡಿ ತಾಯಿಯನ್ನು ಕರೆದರೂ ಅತ್ತೆ ಅಲ್ಲಿಗೆ ಹೋಗದೆ ನನ್ನ ಖಾನಾವಳಿಗೆ ಬಂದಳು. ಎರಡು ವರ್ಷ ನನ್ನ ಒಲೆಯ ಮುಂದೆ ಕೂತು ರೊಟ್ಟಿ ಬೇಯಿಸಿದಳು. ಅವಳ ರೊಟ್ಟಿಗೆಂದೇ ಬರುವ ಗಿರಾಕಿಗಳಿದ್ದರು.

ಒಂದು ಮಧ್ಯಾಹ್ನ, ಊಟದ ಗದ್ದಲ ಮುಗಿದು ಇಬ್ಬರೇ ಉಣ್ಣಲು ಕೂತಾಗ, ನನಗೆ ತಡೆಯಲಾಗಲಿಲ್ಲ. ‘ಅತ್ತೀ, ಅವತ್ತ ಅಪ್ಪ ಕೇಳಿದಾಗ ನಾ ಹೇಳಲಿಲ್ಲ. ಆಣಿ ಸಲುವಾಗಿ ಅಲ್ಲ. ಅವ್ವ ಬಿಟ್ಟು ಹೋಗ್ತಾಳಂತ ಅಂಜಿ’ ಎಂದೆ. ಕೈಯಲ್ಲಿನ ತುತ್ತು ಕೈಯಲ್ಲೇ ಇತ್ತು. ಪರವಾಗಿಲ್ಲ ಬಿಡು, ಸಣ್ಣಾಕಿ ಇದ್ದಿ ಎನ್ನುತ್ತಾಳೆ ಎಂದುಕೊಂಡಿದ್ದೆ. ಅಷ್ಟು ವರ್ಷ ಅದೊಂದು ಮಾತಿಗಾಗಿ ಕಾದಿದ್ದೆ.

ಅತ್ತೆ ನೀರು ಕುಡಿದು ಲೋಟ ಕೆಳಗಿಟ್ಟಳು. ‘ಆಣಿ ಬಾಯಿ ಮಾತಿಗೆ ಹಾಕಿದ್ನೆವ್ವಾ’ ಎಂದಳು. ‘ನೀ ಹೇಳಿಬಿಡತೀ ಅಂತನ ನಿನ್ನ ಮುಂದ ಹೇಳಿದ್ನಿ. ಆ ಮನಿಯಾಗ ಹೊಟ್ಟ್ಯಾಗ ಮಾತು ನಿಲ್ಲಲಾರದಾಕಿ ನೀ ಒಬ್ಬಾಕಿನ ಇದ್ದಿ. ಇವತ್ತ ಹೇಳ್ತಾಳ, ನಾಳೆ ಹೇಳ್ತಾಳ ಅಂತ ದಾರಿ ನೋಡಿದ್ನಿ. ನಿನಗೂ ಅವ್ವ ಬೇಕಿದ್ಲು ಅನ್ನೂದು ನನಗ ಹೊಳೀಲೇ ಇಲ್ಲ.’

ನಾನು ತಾಟಿನ ಮುಂದೆ ಹಾಗೆಯೇ ಬಗ್ಗಿ ಅತ್ತುಬಿಟ್ಟೆ. ಅವಳು ನನ್ನ ಬೆನ್ನು ಸವರಲಿಲ್ಲ, ಬೈಯಲೂ ಇಲ್ಲ. ‘ಉಣ್ಣು, ಸಂಜಿ ಮಂದಿ ಬರೂ ಹೊತ್ತಾತು’ ಎಂದು ಎದ್ದು ಹಿಟ್ಟು ನಾದಲು ಕೂತಳು. ಅದಾಗಿ ಎಂಟು ತಿಂಗಳಿಗೆ ಜ್ವರ ಬಂದು ಹೋಗಿಬಿಟ್ಟಳು. ಈಗ ಆ ಮನೆಯವರ ಪೈಕಿ ಉಳಿದಿರುವವಳು ನಾನೊಬ್ಬಳೇ. ಯಾರ ಅಂಜಿಕೆಯೂ ಇಲ್ಲ, ಆಣೆಯೂ ಇಲ್ಲ, ಆದ್ದರಿಂದ ಇಷ್ಟುದ್ದ ಬರೆದು ನಿಮ್ಮ ಮುಂದಿಟ್ಟಿದ್ದೇನೆ. ಹಂಚಿನ ಮಾತೂ ಬೇಕಾಗಿರಲಿಲ್ಲ; ಅವತ್ತು ಅಪ್ಪನಿಗೆ ‘ಅತ್ತಿನ್ನ ಕಳಸಬ್ಯಾಡ’ ಎಂದಿದ್ದರೆ ಸಾಕಾಗಿತ್ತು.